ಸಾಹೇಬರಿಗೆ ಹೊಚ್ಚಿದ ಶಾಲು

ಮಲಕಪ್ಪನವರಿಗೆ ಒಂದು ರೋಗ ಇತ್ತು. ಡಾಕ್ಟರಿಗೆ ತೋರಿಸೋ ರೋಗ ಅಲ್ಲ, ಸನ್ಮಾನ ಮಾಡೋ ರೋಗ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಯಾರರೆ ಎದುರಿಗೆ ಬಂದ್ರ ಸಾಕು, ಇವರ ಕೈ ಶಾಲು ಹುಡುಕ್ತಿತ್ತು. ಹೊಸಾ ಪೋಸ್ಟ್‌ಮ್ಯಾನ್ ಬಂದಾಗ ಒಂದು ಶಾಲು, ಹಳೆ ಪೋಸ್ಟ್‌ಮ್ಯಾನ್ ಹೋದಾಗ ಒಂದು ಶಾಲು. ಬೋರಿನ ಮೋಟಾರು ರಿಪೇರಿ ಮಾಡಿದವಗೂ ಶಾಲು ಹೊಚ್ಚಿ, ಟೆಂಗಿನಕಾಯಿ ಕೊಟ್ಟು, ಚಪ್ಪಾಳಿ ಹೊಡಿಸಿದ್ರು. ಮೋಟಾರು ಮರುದಿನ ಮತ್ತ ಕೆಟ್ಟಿತು, ಅದು ಬ್ಯಾರೆ ಮಾತು.

ಇಂಡಿ ತಾಲೂಕಿನಿಂದ ಐವತ್ತು ವರ್ಷದ ಹಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಡತಿ ಅಂಗಡ್ಯಾಗ ಗುಮಾಸ್ತ ಆಗಿದ್ದು ರಿಟೈರ್ ಆದವರು ಅವರು. ಸಾಸವಡ ರಸ್ತೆ ಮ್ಯಾಲೆ ಶಿವಗಂಗಾ ಕಾಲನಿ ಅಂತ ಅದ. ಅಲ್ಲೆ ನಮ್ಮ ಕಡೆಯವರು ನೂರಿಪ್ಪತ್ತು ಮನಿ. ಆ ನೂರಿಪ್ಪತ್ತು ಮನಿಗೆ ಒಂದು ಕನ್ನಡ ಸಂಘ, ಆ ಸಂಘಕ್ಕ ಹತ್ತೊಂಬತ್ತು ವರ್ಷದಿಂದ ಮಲಕಪ್ಪನವರೇ ಅಧ್ಯಕ್ಷರು. ಬ್ಯಾರೆ ಯಾರೂ ಚುನಾವಣಿಗೆ ನಿಂದರ್ಲಿಲ್ಲೇನು ಅಂತ ಕೇಳಬ್ಯಾಡ್ರಿ. ನಿಂತವರಿಗೆಲ್ಲ ಇವರು ಸನ್ಮಾನ ಮಾಡಿ ಕೂಡಿಸಿಬಿಡ್ತಿದ್ರು.

ಮನ್ಯಾಗ ಮಂಚದ ಕೆಳಗ ಒಂದು ಟ್ರಂಕು, ಅದರ ತುಂಬ ಶಾಲು. ಇವರಿಗೆ ಅಲ್ಲೆ ಇಲ್ಲೆ ಹೊಚ್ಚಿದ್ದು ಬಂದು ಟ್ರಂಕಿಗೆ ಬೀಳ್ತಿದ್ದವು, ಟ್ರಂಕಿನಿಂದ ಎದ್ದು ಮತ್ತೊಬ್ಬರ ಹೆಗಲಿಗೆ ಹೋಗ್ತಿದ್ದವು. ಒಮ್ಮೆ ಕೊಟ್ಟವರಿಗೇ ಹೊಳ್ಳಿ ಅದನ್ನ ಹೊಚ್ಚಿ ಮಾನ ಕಳ್ಕೊಂಡ ಮ್ಯಾಲೆ, ಹೆಂಡತಿ ಭೀಮವ್ವ ಪ್ರತಿ ಶಾಲಿನ ಮೂಲಿಗೂ ದಾರದ ಗುರುತು ಹಾಕಿಟ್ಟಿದ್ಲು. ನೀಲಿ ದಾರ ಇದ್ರ ಪಿಂಪ್ರಿ-ಚಿಂಚವಾಡದ ಕಡೆಯಿಂದ ಬಂದದ್ದು, ಹಳದಿ ಇದ್ರ ಜೇಜುರಿ ಕಡೆದು. ಗ್ವಾಡಿ ಮ್ಯಾಲೆ ಸಾಲಾಗಿ ಫೋಟೋ. ಎಲ್ಲಾ ಫೋಟೋದಾಗೂ ನಟ್ಟನಡುವ ಮಲಕಪ್ಪನವರು. ಮಗಳ ಮದುವಿ ಫೋಟೋದಾಗ ಸೈತ ಮದುಮಗ ಸ್ವಲ್ಪ ಬಾಜೂಕ ಸರದು ನಿಂತಾನ, ಪಾಪ.

ಈಗ ರಸ್ತೆ ಮಾತಿಗೆ ಬರೋಣು. ಕಾಲನಿ ಎದುರಿಗೆ ಡಿವೈಡರಿನಾಗ ದಾಟಾಕ ಒಂದು ಗ್ಯಾಪ್ ಇತ್ತು. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಅದನ್ನ ಮುಚ್ಚಿಬಿಟ್ರು. ಆ ಕಡೆ ಸಾಲಿ, ಬಸ್‌ಸ್ಟಾಪು, ಕಾಯಿಪಲ್ಲೆ ಸಂತಿ. ಈ ಕಡೆ ಮನಿ. ಸರಿಯಾಗಿ ದಾಟಬೇಕಂದ್ರ ಒಂದೂವರೆ ಕಿಲೋಮೀಟರ್ ಸುತ್ತು. ಯಾರು ಸುತ್ತು ಹಾಕ್ತಾರ್ರಿ? ಎಲ್ಲಾರೂ ಡಿವೈಡರ್ ಜಿಗೀತಿದ್ರು. ಅರವತ್ತೆಂಟರ ಭೀಮವ್ವ ಕೂಡ ಇಳಕಲ್ ಸೀರಿ ನಿರಿಗಿ ಎತ್ತಿ ಸಿಗಿಸಿ, ಕಾಯಿಪಲ್ಲೆ ಚೀಲ ಮೊದಲು ಆಚೆ ಇಟ್ಟು, "ಶಿವಾ!" ಅಂತ ಒಂದು ಕಾಲು ಎತ್ತಿ ಹಾಕ್ತಿದ್ಲು. ಮಾರ್ಚ್ ತಿಂಗಳದಾಗ ಮೂರನೇತ್ತೆ ಕಲಿಯೋ ರಕ್ಷಿತಾ ಹಂಗ ಜಿಗಿದು ಇಳಿಯುವಾಗ ಸ್ಕೂಟರ್ ಬಡೀತು. ಕಾಲು ಮುರೀತು. ಹುಡುಗಿ ಎರಡು ತಿಂಗಳು ಪ್ಲಾಸ್ಟರಿನಾಗ.

ಹಿರ್ಯಾರು ಸಂಘದಾಗ ಕೂತು ಖಂಡನಾ ನಿರ್ಣಯ ಮಾಡಿದ್ರು, ಚಹಾ ಕುಡಿದ್ರು. ಖರೆ ಕೆಲಸಾ ಹಿಡಿದಾಕಿ ಮಲಕಪ್ಪನವರ ಮೊಮ್ಮಗಳು ದೀಪಾಲಿ. ಇಪ್ಪತ್ತು ವಯಸ್ಸು, ಬಿ.ಕಾಂ. ಕೊನೆ ವರ್ಷ. ಅಕಿ ಜೋಡಿ ಬಾಜೂಮನಿ ಮರಾಠಿ ಹುಡುಗ ಅಮೇಯ, ಇನ್ನೊಂದು ಹತ್ತು ಮಂದಿ ಹುಡುಗ ಹುಡುಗ್ಯಾರು. ಸಂಜಿಕ ಅರಳಿಗಿಡದ ಕಟ್ಟಿ ಮ್ಯಾಲೆ ಕೂಡ್ತಿದ್ರು. ಮೊಬೈಲ್ ತಿಕ್ಕೋ ನಿರುದ್ಯೋಗಿಗಳು ಅಂತ ಹಿರ್ಯಾರು ತಿಳಿದಿದ್ರು. ಅವರು ಎಣಿಸ್ತಿದ್ರು! ಎಂಟು ದಿನ, ದಿನಾ ಮುಂಜಾನೆ ಏಳರಿಂದ ಎಂಟು, ಡಿವೈಡರ್ ಜಿಗಿದವರು ಎಷ್ಟು ಮಂದಿ, ಅದರಾಗ ಮಕ್ಕಳು ಎಷ್ಟು, ಮುದುಕರು ಎಷ್ಟು. ಮನಿ ಮನಿಗೆ ಹೋಗಿ ಸಹಿ ತಗೊಂಡ್ರು. ಮಹಾನಗರಪಾಲಿಕಿಯ ಮೊಬೈಲ್ ಆ್ಯಪಿನಾಗ ತಕರಾರು ಹಾಕಿದ್ರು. ಮೂರು ಸಲ ವಾರ್ಡ್ ಆಫೀಸಿಗೆ ಅಡ್ಡಾಡಿ, ಅಲ್ಲಿನ ದೊಡ್ಡ ಸಾಹೇಬರು ಏಪ್ರಿಲ್ ಕೊನೆ ರವಿವಾರ ಒಂದು ತಾಸು ಕಟ್ಟಿಗೆ ಬಂದು ಉತ್ತರಾ ಕೊಡೂಹಂಗ ಮಾಡಿದ್ರು. ಜೂನಿನಾಗ ಸಾಲಿ ಶುರು ಆಗೋದರೊಳಗ ಗ್ಯಾಪ್ ಆಗಬೇಕು, ಇಷ್ಟ ಅವರ ಹಟ.

ಕಟ್ಟಿ ಸಭಾಕ್ಕ ಅವರದೇ ಕಾನೂನು ಇದ್ದವು. ವೇದಿಕಿ ಇಲ್ಲ, ಎಲ್ಲಾರೂ ಸತರಂಜಿ ಮ್ಯಾಲೆ. ಸಣ್ಣಾವರು ಮೊದಲು ಮಾತಾಡಬೇಕು. ಯಾರಿದ್ರೂ ಎರಡು ನಿಮಿಷ. ಎರಡು ನಿಮಿಷ ಆತಂದ್ರ ಭೀಮವ್ವನ ಸ್ಟೀಲ್ ತಾಟಿಗೆ ಚಮಚಾದಿಂದ "ಠಣ್" ಅಂತ ಬಡೀತಿದ್ರು.

"ಮುತ್ಯಾ, ಸಂಘದ ಸತರಂಜಿ ಕೊಡು, ಮೈಕ್ ಕೊಡು," ಅಂತ ದೀಪಾಲಿ ಕೇಳಿದ್ಲು.

"ಎರಡ ಯಾಕವ್ವಾ? ಏನ ಬೇಕಾದ್ರೂ ಕೇಳು. ನಿಮ್ಮ ಬೆನ್ನ ಹಿಂದ ನಾ ಅದೀನಿ!"

ಒಳಗ ಜ್ವಾಳದ ರೊಟ್ಟಿ ಬಡೀತಿದ್ದ ಭೀಮವ್ವ ಅಲ್ಲಿಂದನ ಅಂದ್ಲು, "ಬೆನ್ನ ಹಿಂದ ಅಂತೀರಿ. ನಿಮ್ಮನ್ನ ಕಟ್ಕೊಂಡು ನಲವತ್ತೇಳು ವರ್ಷ ಆತು, ನೀವು ಯಾರ ಹಿಂದರೆ ನಿಂತದ್ದು ನಾ ಕಂಡಿಲ್ಲ."

"ಸತರಂಜಿ ಹಾಸ್ತೀನಿ, ಚಹಾ ನೋಡ್ಕೋತೀನಿ, ಬಾಯಿ ತೆರೆಯಂಗಿಲ್ಲ. ಸಿದ್ಧೇಶ್ವರನ ಆಣಿ," ಅಂದ್ರು ಮಲಕಪ್ಪನವರು. ಮೊಮ್ಮಗಳ ಮ್ಯಾಲೆ ಜೀವಾ ಇಟ್ಟವರು, ಸುಳ್ಳು ಹೇಳಲಿಲ್ಲ. ಅಂದಾಗ ಖರೇನ ಅಂದಿದ್ರು.

ಶನಿವಾರ ಸಂಜಿಕ ಸಂಘದ ಕಾರ್ಯದರ್ಶಿ ಮುರುಗೆಪ್ಪ ಬಂದ. "ಅಲ್ರಿ ಅಧ್ಯಕ್ಷರ, ಅಷ್ಟು ದೊಡ್ಡ ಸಾಹೇಬ್ರನ್ನ ನೆಲದ ಮ್ಯಾಲೆ ಕೂಡಿಸಿ ಬರೇ ಚಹಾ ಕುಡಿಸಿ ಕಳಸ್ತೀರೇನು? ನಮ್ಮ ಕಡೆಯವರ ಮಾನ ಏನಾಗಬೇಕ್ರಿ?" ಆ ಮಾತು ಮಲಕಪ್ಪನವರ ತಲ್ಯಾಗ ಹುಳಾ ಆಗಿ ಕೂತಿತು. ಬಾಯಿ ತೆರೆಯಂಗಿಲ್ಲ ಅಂತ ಆಣಿ ಮಾಡೀನಿ, ಖರೆ. ಶಾಲು ಹೊಚ್ಚೋದು ಕೈಲೆ ಅಲ್ಲೇನು? ಅದಕ್ಕೇನು ಬಾಯಿ ಬೇಕಾಗ್ತದ? ಹಿಂಗ ವಿಚಾರ ಮಾಡಿ ಟ್ರಂಕು ಎಳೆದು, ನೀಲಿ ದಾರದ ಚಲೋ ಶಾಲು ಒಂದು ತಗದ್ರು. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ಲ, ಹಂಗ.

ರವಿವಾರ ಹತ್ತಕ್ಕ ಹುಡುಗರು ಬಂದು ನೋಡ್ತಾರ, ಕಟ್ಟಿ ಮುಂದ ವೇದಿಕಿ! ಜೋಡು ಟೇಬಲ್, ಜರತಾರಿ ಬಟ್ಟಿ, ಐದು ಖುರ್ಚಿ, "ಹಾರ್ದಿಕ ಸ್ವಾಗತ" ಅಂತ ಬ್ಯಾನರ್. ದೀಪಾಲಿ ಮಾರಿ ಕೆಂಪಗಾತು.

"ಐದ ಐದು ನಿಮಿಷವ್ವಾ," ಅಂದ್ರು ಮಲಕಪ್ಪನವರು. "ಆಮ್ಯಾಲೆ ಸಭಾ ನಿಮ್ಮದ."

ಸಾಹೇಬರು ಬಂದ್ರು. ಬಿಂದುಮಾಧವ ಅಂತ ಹೆಸರು, ಮೆತ್ತಗಿನ ಮಾತಿನ ಮನುಷ್ಯಾ. ವೇದಿಕಿ ಕಂಡು ಅವರಿಗೂ ಜೀವಕ್ಕ ತಂಪಾತು ಅಂತ ಕಾಣಿಸ್ತದ, ಪ್ರಶ್ನಾ ಕೇಳೋರು ಜರತಾರಿ ಬಟ್ಟಿ ಹಾಸೂದಿಲ್ಲಲ್ಲ. ಪ್ರಾರ್ಥನಾ ಆತು, ದೀಪಾ ಹಚ್ಚಿದ್ದು ಆತು. ಗಾಳಿಗೆ ಆರಿತು, ಮತ್ತ ಹಚ್ಚಿದ್ರು. ಮುರುಗೆಪ್ಪ ಪರಿಚಯ ಮಾಡಿಕೊಟ್ಟ. ತಲಿಗೆ ಪೇಟಾ, ಕೈಗೆ ಕಾಯಿ, ಹೆಗಲಿಗೆ ಶಾಲು. ಹೊಚ್ಚುವಾಗ ಮುರುಗೆಪ್ಪ ಮೊಬೈಲಿನಾಗ ಫೋಟೋ ಹೊಡೆದ. ಆಮ್ಯಾಲೆ ಮೈಕ್ ಎದುರಿಗೆ ಬಂದಾಗ ಮಲಕಪ್ಪನವರ ಆಣಿ ಎಲ್ಲೆ ಹೋತೋ ಸಿದ್ಧೇಶ್ವರಗ ಗೊತ್ತು. ಮರಾಠಿಯೊಳಗ ಶುರು ಮಾಡಿದ್ರು, ತಾವು ಮೊದಲನೇ ಸಲ ರೇಲ್ವೆ ಇಳಿದ ದಿವಸದಿಂದ. ಹದಿನೈದು ನಿಮಿಷ ಆದ್ರೂ ಇನ್ನೂ ಸ್ಟೇಷನ್ನಿನಾಗ ಇದ್ರು.

ದೀಪಾಲಿ ತಾಟು ಬಡಿದ್ಲು. ಮುರುಗೆಪ್ಪ ಆರತಿ ಶುರು ಆತು ಅಂತ ತಿಳ್ಕೊಂಡು ಕಣ್ಣು ಮುಚ್ಚಿ ಕೈ ಮುಗಿದ. ಅವನ್ನ ನೋಡಿ ನಾಕು ಮಂದಿ ಕೈ ಮುಗಿದ್ರು.

"ಇಂಥಾ ಸಾಹೇಬ್ರು ಸಿಕ್ಕದ್ದು ನಮ್ಮ ಪುಣ್ಯ," ಅಂತ ಮಲಕಪ್ಪನವರು ಕಡೀಕ ದನಿ ಏರಿಸಿದ್ರು, "ನಮ್ಮ ರಸ್ತೆ ಸಮಸ್ಯಾ ಇವರ ಕೈಯಾಗ ಬಂತಂದ್ರ ಬಗೆಹರಿದಂಗನ! ಜೋರಾಗಿ ಚಪ್ಪಾಳಿ!" ಮುರುಗೆಪ್ಪ ಶಾಲು ಹೊಚ್ಚಿದ ಫೋಟೋ ಅಲ್ಲೇ ಸಾಹೇಬರ ಮೊಬೈಲಿಗೆ ಕಳಿಸಿದ. ಸಾಹೇಬರು ಎದ್ದು ಆಭಾರ ಹೇಳಿದ್ರು, ಗಡಿಯಾರ ನೋಡ್ಕೊಂಡ್ರು, ಹನ್ನೊಂದಕ್ಕ ಇನ್ನೊಂದು ಕಾರ್ಯಕ್ರಮ ಅದ ಅಂದ್ರು. ಜೀಪು ಹೋತು. ದೀಪಾಲಿ ಕೈಯಾಗ ಎಣಿಕಿ ಕಾಗದ ಹಂಗ ಉಳಿದ್ವು. ಸತರಂಜಿ ಸುತ್ತಿ ಹೆಗಲ ಮ್ಯಾಲೆ ಹೊತ್ಕೊಂಡು ಹೋಗಿ ಸಂಘದಾಗ ಇಟ್ಟು ಬಂದ್ಲು.

"ಸಿಟ್ಟು ಇಳೀತದ ಬಿಡು, ಸಣ್ಣ ಹುಡುಗಿ," ಅಂದ್ರು ಮಲಕಪ್ಪನವರು. ಆ ದಿನ ಭೀಮವ್ವ ಸುಟ್ಟ ರೊಟ್ಟಿ ಅಷ್ಟ ಆರಿಸಿ ಅವರ ತಾಟಿಗೆ ಹಾಕಿದ್ಲು.

ಗುರುವಾರ ಮುಂಜಾನೆ ಮಲಕಪ್ಪನವರು ಚಹಾ ಕುಡೀತಿದ್ದಾಗ ದೀಪಾಲಿ ಬಂದು ಮೊಬೈಲ್ ಅವರ ಮುಂದ ಇಟ್ಲು. ನೋಡಿದ್ರ, ಸಾಹೇಬರಿಗೆ ಶಾಲು ಹೊಚ್ಚೋ ಫೋಟೋ. ನಡುವ ಇವರು, ಹಲ್ಲು ಕಾಣೂಹಂಗ ನಕ್ಕಾರ.

"ಏ, ಭಾಳ ಚಲೋ ಬಂದದಲ್ಲ!" ಅಂದ್ರು.

"ಕೆಳಗ ಓದು ಮುತ್ಯಾ."

ಚಾಳೀಸು ಹಾಕ್ಕೊಂಡು ಓದಿದ್ರು. ಹುಡುಗರು ಹಾಕಿದ ತಕರಾರಿನ ನಂಬರು. ಅದರ ಮುಂದ ಮರಾಠಿಯೊಳಗ: ತಕರಾರು ಬಗೆಹರಿದಿದೆ, ನಾಗರಿಕರು ಸಂತೋಷ ವ್ಯಕ್ತಪಡಿಸಿದ್ದಾರೆ, ಪುರಾವೆಗೆ ಫೋಟೋ ಜೋಡಿಸಿದೆ. ಕಡತ ಬಂದ್.

ಮಲಕಪ್ಪನವರು ಚಹಾದ ಕಪ್ಪು ಕೆಳಗ ಇಟ್ಟು ಮತ್ತೊಮ್ಮೆ ಓದಿದ್ರು.

"ನಾವು ಎಂಟು ದಿನ ಬಿಸಿಲಾಗ ನಿಂತು ಎಣಿಸಿದ್ವಿ," ಅಂದ್ಲು ದೀಪಾಲಿ. ಅಕಿ ದನಿ ಜೋರಿರಲಿಲ್ಲ, ಕಣ್ಣಾಗ ನೀರು ನಿಂತಿದ್ವು. "ನೀ ಒಂದು ಶಾಲು ಹೊಚ್ಚಿ ಎಲ್ಲಾ ಮುಚ್ಚಿಬಿಟ್ಟಿ. ರಕ್ಷಿತಾಗ ನಾ ಏನ ಹೇಳ್ಲಿ ಮುತ್ಯಾ?"

ಮಲಕಪ್ಪನವರಿಗೆ ನೆಲಾ ಬಾಯಿ ಬಿಟ್ರ ಒಳಗ ಹೋಗಬೇಕು ಅನಿಸ್ತು. ಐವತ್ತು ವರ್ಷ ಊರಿಗೆಲ್ಲ ಶಾಲು ಹೊಚ್ಚಿದ ಕೈ ಅದು, ಇವತ್ತು ಮೊಮ್ಮಗಳ ಕಣ್ಣು ಒರಸಾಕ ಏಳಲಿಲ್ಲ. ಮೊದಲು ಸಿಟ್ಟು ಬಂತು. "ನಾ ಈಗಿಂದೀಗ ಹೋಗ್ತೀನಿ! ಪೇಪರಿಗೆ ಬರೀತೀನಿ! ಸಂಘದಿಂದ ಮೋರ್ಚಾ ತಗೀತೀನಿ! ನಾನು..."

"ಮತ್ತ 'ನಾನು'," ಅಂದ್ಲು ಭೀಮವ್ವ.

ಹತ್ತೊಂಬತ್ತು ವರ್ಷದ ಅಧ್ಯಕ್ಷಗಿರಿಯೊಳಗ ಒಮ್ಮೆಯೂ ಮಲಕಪ್ಪನವರ ಬಾಯಿಂದ ಬರದ ಮಾತು ಬಂತು: "ಹಂಗಾರ ನಾ ಏನ ಮಾಡ್ಲಿ ಹೇಳವ್ವಾ?"

"ನಾ ಒಬ್ಬಾಕಿ ಹೇಳೂದಲ್ಲ. ಸಂಜಿಕ ಕಟ್ಟಿಗೆ ಬಾ."

ಸಂಜಿಕ ಅವರು ಸತರಂಜಿ ಮ್ಯಾಲೆ, ಎಲ್ಲಾರ ಹಿಂದ, ಮಣಕಾಲು ಮಡಚಿ ಕೂತ್ರು. ಪ್ಲಾಸ್ಟರ್ ಕಾಲು ಚಾಚಿ ಕೂತಿದ್ದ ರಕ್ಷಿತಾ ಎಲ್ಲಾರಿಗಿಂತ ಸಣ್ಣಾಕಿ, ಹಂಗಾಗಿ ಅಕೀದ ಮೊದಲ ಪಾಳಿ. "ಅಜ್ಜಾರು ಶಾಲು ಹೊಳ್ಳಿ ಇಸ್ಕೊಂಡು ಬರ್ಲಿ," ಅಂದು ಕೂತ್ಲು. ಎಲ್ಲಾರೂ ನಕ್ರು. ಅಮೇಯ ಮಾತ್ರ ನಗಲಿಲ್ಲ. ಭೀಮವ್ವನ ರೊಟ್ಟಿ ತಿಂದು ಕನ್ನಡ ಕಲ್ತ ಹುಡುಗ ಅಂವ. "ನಗೂದಲ್ಲ ಇದು. ಅವರ ಹತ್ರ ಪುರಾವೆ ಶಾಲು. ಆ ಶಾಲು ಕೆಲಸಾ ಆತು ಅಂತ ಹೊಚ್ಚಿದ್ದಲ್ಲ ಅಂತ ಹೊಚ್ಚಿದವರ ಬಾಯಿಂದನ ಬರಬೇಕು. ಸೋಮವಾರ ವಾರ್ಡ್ ಆಫೀಸಿನಾಗ ಎಲ್ಲಾರ ಮುಂದ ತಕರಾರು ಕೇಳ್ತಾರ. ಅಲ್ಲೆ."

ಎಲ್ಲಾರ ಮುಂದ. ಮಲಕಪ್ಪನವರು ಸಾವಿರ ಮಂದಿ ಮುಂದ ಮಾತಾಡಿದವರು, ಖರೆ. "ನಂದು ತಪ್ಪಾತು" ಅಂತ ಇಬ್ಬರ ಮುಂದೂ ಅಂದವರಲ್ಲ. ಬಿಸಿ ತುಪ್ಪ ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು. ರಕ್ಷಿತಾನ ಪ್ಲಾಸ್ಟರಿನ ಮ್ಯಾಲೆ ಗೆಳತ್ಯಾರು ಪೆನ್ನಿನಿಂದ ಹೂವು ಬರೆದಿದ್ರು. ಅದನ್ನ ನೋಡಿ, "ಆತು, ಅಂತೀನಿ," ಅಂದ್ರು.

ಸೋಮವಾರ ಅವರ ಟೋಕನ್ ನಂಬರು ಮೂವತ್ತೇಳು. ಆಫೀಸಿನಾಗ ಐವತ್ತರವತ್ತು ಮಂದಿ. ಗುರುತಿದ್ದವರು ಸುಮಾರು ಇದ್ರು, ಅದರಾಗ ಇಬ್ಬರಿಗೆ ಇವರು ಶಾಲು ಹೊಚ್ಚಿದ್ದೂ ಇತ್ತು. ಭೀಮವ್ವನೂ ಹಟಾ ಮಾಡಿ ಬಂದಿದ್ಲು, ಅದ ಡಿವೈಡರ್ ಜಿಗಿದು, ಬಗಲಾಗ ಕಾಯಿಪಲ್ಲೆ ಚೀಲ ಇಟ್ಕೊಂಡು. ಪಾಳಿ ಬಂತು. ಮಲಕಪ್ಪನವರು ಎದ್ದು ನಿಂತು ಕೋಟು ಜಗ್ಗಿಕೊಂಡ್ರು. ಮರಾಠಿಯೊಳಗ ಶುರು ಮಾಡಿದ್ರು:

"ಸನ್ಮಾನನೀಯ, ಆದರಣೀಯ, ಕರ್ತವ್ಯದಕ್ಷ..."

ಠಣ್!

ಇಡೀ ಆಫೀಸು ತಿರುಗಿ ನೋಡಿತು. ಭೀಮವ್ವ ಚೀಲದಿಂದ ತಾಟು ತಗದು ಕೈಯಾಗ ಹಿಡ್ಕೊಂಡು ನಿಂತಿದ್ಲು. "ಕೆಲಸದ ಮಾತು ಆಡ್ರಿ," ಅಂದ್ಲು ಕನ್ನಡದಾಗ.

ಮಲಕಪ್ಪನವರು ಪೀಠಿಕಿ ಅಲ್ಲೇ ಬಿಟ್ರು. "ಸಾಹೇಬ್ರ, ಆ ದಿನ ನಾ ಹೊಚ್ಚಿದ ಶಾಲು, ಕೆಲಸಾ ಆತು ಅಂತ ಹೊಚ್ಚಿದ್ದಲ್ಲ. ನನ್ನ ಚಟಕ್ಕ ಹೊಚ್ಚಿದ್ದು. ಹುಡುಗರು ವೇದಿಕಿನ ಬ್ಯಾಡ ಅಂದಿದ್ರು. ತಪ್ಪು ನಂದು. ಐವತ್ತು ವರ್ಷ ಮಾತಾಡೀನಿ ನಾನು. ಆ ದಿನದತನಕ ಯಾರೂ ತಾಟು ಬಡಿದಿರಲಿಲ್ಲ, ಹಂಗಾಗಿ ನನಗ ತಿಳೀಲಿಲ್ಲ. ತಕರಾರು ಮತ್ತ ತೆರೀರಿ. ತೆರೆಯಂಗಿಲ್ಲಂದ್ರ ನನ್ನ ಶಾಲು ನನಗ ಹೊಳ್ಳಿ ಕೊಡ್ರಿ."

ಸನ್ಮಾನದ ಶಾಲು ಹೊಳ್ಳಿ ಕೇಳಿದವರನ್ನ ಆ ಆಫೀಸು ಕಂಡಿರಲಿಲ್ಲ. ಸಾಹೇಬರು ಪೆನ್ನು ಹುಡುಕಿದ್ರು, ಕೆಮ್ಮಿದ್ರು. ಬಾಗಲದಾಗ ನಿಂತಿದ್ದ ಸಿಪಾಯಿ ಭೋಳೆ ಮನುಷ್ಯಾ, ಸಾಹೇಬರಿಗೆ ಸಹಾಯ ಮಾಡಬೇಕಂತ ಬಾಯಿ ಹಾಕಿದ: "ಮೂಲ್ಯಾಗ ನೀಲಿ ದಾರ ಇದ್ದದ್ದಲ್ರಿ? ಅದು ಶುಕ್ರವಾರ ಇಂಜಿನಿಯರ್ ಸಾಹೇಬ್ರ ಬೀಳ್ಕೊಡುಗಿಗೆ ಹೋತಲ್ರಿ!"

ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು. ಮಲಕಪ್ಪನವರಿಗೆ ಸಿಟ್ಟು ಮಾಡಾಕ ಬಾಯಿ ಇರಲಿಲ್ಲ, ತಮ್ಮದೂ ಅದ ದಂಧೆ ಅಲ್ಲೇನು. ಸಾಹೇಬರ ಮಾರಿ ಮಾತ್ರ ಬದನಿಕಾಯಿ ಬಣ್ಣಕ್ಕ ಬಂತು.

"ಮುತ್ಯಾಂದು ಇನ್ನೂ ಒಂದು ನಿಮಿಷ ಉಳದದ," ಅಂದ್ಲು ದೀಪಾಲಿ. "ಕೊಡ್ತೀಯೇನು ಮುತ್ಯಾ?"

ಮಲಕಪ್ಪನವರು ಬಾಜೂಕ ಸರದು ನಿಂತ್ರು. ಹಂಗ ಸರದದ್ದು ಜೀವನದಾಗ ಅದ ಮೊದಲು. ದೀಪಾಲಿ ಕಾಗದ ಬಿಚ್ಚಿ ಓದಿದ್ಲು: ಎಂಟು ದಿನ, ದಿನಾ ಮುಂಜಾನೆ ಒಂದು ತಾಸು, ಡಿವೈಡರ್ ಜಿಗಿದವರು ಒಟ್ಟು ಆರುನೂರಾ ಹದಿನಾಕು ಮಂದಿ, ಅದರಾಗ ಮಕ್ಕಳು ಇನ್ನೂರಾ ಮೂರು. "ನಮಗ ಆಶ್ವಾಸನ ಬ್ಯಾಡ್ರಿ ಸರ್, ತಾರೀಖು ಬೇಕು. ಬರದು ಸಹಿ ಮಾಡಿ ಕೊಡ್ರಿ. ಮತ್ತ ಈ ಸಲ ಕಡತ ಬಂದ್ ಮಾಡೋ ಫೋಟೋ ನಾವು ಕಳಸ್ತೀವಿ. ಇಲ್ಲೆ ತಾಟು ಹಿಡಿದು ನಿಂತಾಳಲ್ಲ, ನಮ್ಮ ಆಯಿ, ಅಕಿ ಕಾಯಿಪಲ್ಲೆ ಚೀಲ ಹಿಡ್ಕೊಂಡು ರಸ್ತೆ ನಡುವ ನಡೀತಿರಬೇಕು, ಅಂಥಾ ಫೋಟೋ."

ಅರವತ್ತು ಮಂದಿ ನೋಡ್ತಿದ್ರು. ಸಾಹೇಬರು ಬರೆದ್ರು: ಜೂನ್ ಹದಿನಾಕರೊಳಗ. ಸಹಿ ಮಾಡಿ ಶಿಕ್ಕಾ ಹೊಡೆದ್ರು.

ಜೂನ್ ಹದಿನಾಕು ಬಂತು, ಹೋತು. ಒಂದು ಬುಟ್ಟಿ ಮಣ್ಣೂ ಸರಿಲಿಲ್ಲ. ಮಲಕಪ್ಪನವರ ಕೈ ಫೋನಿಗೆ ಹೋಗ್ತಿತ್ತು, ಹೊಳ್ಳಿ ಬರ್ತಿತ್ತು. "ನಾ ಒಂದು ಮಾತು ಫೋನ್ ಮಾಡ್ಲೇನವ್ವಾ?" "ಬ್ಯಾಡ ಮುತ್ಯಾ. ನಾವು ನೋಡ್ಕೋತೀವಿ. ನೀ ಚಹಾ ಕಳಸು." ಹದಿನೈದಕ್ಕ ಹನ್ನೆರಡು ಮಂದಿ ಹುಡುಗರು ಸಹಿ ಮಾಡಿದ ಕಾಗದ ಹಿಡ್ಕೊಂಡು, ರವಿವಾರ ಅಂತನೂ ನೋಡದ, ಆಫೀಸಿನ ಮೆಟ್ಟಲ ಮ್ಯಾಲೆ ಹೋಗಿ ಕೂತ್ರು. ಮಲಕಪ್ಪನವರು ದೊಡ್ಡ ಥರ್ಮಾಸಿನಾಗ ಚಹಾ ಹೊತ್ಕೊಂಡು ಹೋಗಿ, ಇಟ್ಟು, ಒಂದು ಮಾತೂ ಆಡದ ಹೊಳ್ಳಿ ಬಂದ್ರು. ನಂಬೂದಿದ್ರ ನಂಬ್ರಿ, ಬಿಡೂದಿದ್ರ ಬಿಡ್ರಿ. ಮಧ್ಯಾಹ್ನ ಮೂರಕ್ಕ ಜೆ.ಸಿ.ಬಿ. ಬಂತು.

ಮರುದಿನ ಸಾಲಿ ಶುರು. ಮುಂಜಾನೆ ಏಳಕ್ಕ ಡಿವೈಡರಿನಾಗ ಗ್ಯಾಪ್, ಕೆಳಗ ಬೆಳ್ಳಗಿನ ಪಟ್ಟಿ, ಬಣ್ಣದ ವಾಸನಿ ಇನ್ನೂ ಹೋಗಿರಲಿಲ್ಲ. ಸಿಗ್ನಲ್ ಕೂಡಿಸೂತನಕ ಟ್ರಾಫಿಕ್ ಪೋಲೀಸ ಒಬ್ಬ ನಿಂತಿದ್ದ. ಸಾಹೇಬರೂ ಬಂದಿದ್ರು. ಹೆಗಲು ಸ್ವಲ್ಪ ಬಗ್ಗಿಸಿಕೊಂಡೇ ನಿಂತಿದ್ರು, ರೂಢಿ ನೋಡ್ರಿ. ಮಲಕಪ್ಪನವರ ಬೆರಳು ಚುರುಚುರು ಅಂದ್ವು. ಎರಡೂ ಕೈ ಬೆನ್ನ ಹಿಂದ ಕಟ್ಕೊಂಡ್ರು.

ಪೋಲೀಸ ಕೈ ಮಾಡಿ ಗಾಡಿ ನಿಲ್ಲಿಸಿದ. ಭೀಮವ್ವ ನಿರಿಗಿ ಎತ್ತದ, "ಶಿವಾ" ಅನ್ನದ, ಚೀಲ ಹಿಡ್ಕೊಂಡು ಪಟ್ಟಿ ಮ್ಯಾಲೆ ನಡದ್ಲು. ಕೋಲು ಊರಿ ರಕ್ಷಿತಾ, ಹಿಂದ ಸಾಲಿ ಮಕ್ಕಳು, ಕಟ್ಟಿ ಹುಡುಗರು.

"ಮುತ್ಯಾ, ಫೋಟೋಕ್ಕ ಬಾ! ನಡುವ ನಿಂದ್ರು!" ಅಂತ ದೀಪಾಲಿ ರಸ್ತೆ ಮ್ಯಾಲಿಂದ ಕರದ್ಲು.

"ನಾ ಅಲ್ಲೆ ಬಂದ್ರ ತಗಿಯೋರು ಯಾರ? ತಾ ಇಲ್ಲೆ ಆ ಮೊಬೈಲು!"

ಜೀವನದಾಗ ಮೊದಲನೇ ಸಲ ಮಲಕಪ್ಪನವರು ಫೋಟೋ ತಗದ್ರು. ಒಂದು ಕಣ್ಣು ಮುಚ್ಚಿ, ನಾಲಿಗಿ ಕಚ್ಚಿ, ಉಸಿರು ಹಿಡಿದು. ಪೋಲೀಸ ಸೀಟಿ ಊದಿದ, ಗಾಡಿ ಹೊಂಟ್ವು. ನೋಡಿದ್ರ ಫೋಟೋದ ಎಡಮೂಲ್ಯಾಗ ಅವರ ಹೆಬ್ಬೆರಳು ಅಡ್ಡ ಬಂದಿತ್ತು, ಕುಂಬಳಕಾಯಿಯಷ್ಟು. ಅಮೇಯ "ಇನ್ನೊಂದು ತಗಿಯೋಣು" ಅಂದ.

ದೀಪಾಲಿ ಅದನ್ನ ಭಾಳ ಹೊತ್ತು ನೋಡಿದ್ಲು. "ಬ್ಯಾಡ. ಇದ ಇರ್ಲಿ," ಅಂತ ಅದನ್ನ ಕಳಿಸಿದ್ಲು. ತಕರಾರು ಬಂದ್ ಆತು.

ಆ ಫೋಟೋಕ್ಕ ಭೀಮವ್ವ ಚೌಕಟ್ಟು ಹಾಕಿಸಿ, ಉಳಿದವನ್ನೆಲ್ಲ ಬಾಜೂಕ ಸರಿಸಿ, ಗ್ವಾಡಿ ನಡುವ ಹಾಕ್ಯಾಳ. ಮನಿಗೆ ಯಾರ ಬರ್ಲಿ, ಮಲಕಪ್ಪನವರು ಮೊದಲು ಅದನ್ನ ತೋರಿಸ್ತಾರ. ಇಕಿ ನನ್ನ ಹೆಂಡತಿ, ಇಕಿ ನನ್ನ ಮೊಮ್ಮಗಳು, ಇವು ನಮ್ಮ ಕಟ್ಟಿ ಹುಡುಗರು ಅಂತ ಒಬ್ಬೊಬ್ಬರನ್ನ ಹೇಳ್ತಾರ. ಕಡೀಕ ಸ್ವಲ್ಪ ನಾಚಿಕೊಂಡು, ಆದ್ರ ಬಿಡದ, ಮೂಲ್ಯಾಗಿನ ಹೆಬ್ಬೆರಳಿಗೆ ಬೆಟ್ಟು ಮಾಡಿ, "ಇದು ನಾನು," ಅಂತಾರ.